ಐದೂ ಸರಿ ಇದ್ದವು, ಆದರೂ ಸಕ್ಕರೆ 48ಕ್ಕೆ ಇಳಿದದ್ದು ಏಕೆ?

ಪ್ರಶ್ನೆ: ಮೇಡಂ, ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಉಡುಪಿಯ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಏಳು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ಜುಲೈಯಲ್ಲಿ ಒಂದು ರಾತ್ರಿ ಪಾಳಿ. ಇಲಿ ಜ್ವರದಿಂದ ದಾಖಲಾಗಿದ್ದ 62 ವರ್ಷದ ಮಧುಮೇಹಿಯೊಬ್ಬರಿಗೆ ಚಾರ್ಟಿನಲ್ಲಿ ಬರೆದಿದ್ದಂತೆ ಎಂಟು ಗಂಟೆಗೆ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್ ಚರ್ಮದಡಿ ಕೊಟ್ಟೆ. ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ ಐದನ್ನೂ ನೋಡಿಯೇ ಕೊಟ್ಟಿದ್ದೆ. ಹತ್ತೂವರೆಗೆ ನೋಡಿದರೆ ಅಂಗಿ ನೆನೆಯುವಷ್ಟು ಬೆವರು, ಮಾತು ತೊದಲುತ್ತಿತ್ತು. ನಾಡಿ ಮಾತ್ರ 76. ಸಕ್ಕರೆ 48. ಡ್ಯೂಟಿ ಡಾಕ್ಟರ್ ಬಂದು ಡೆಕ್ಸ್‌ಟ್ರೋಸ್ ಕೊಡಿಸಿದರು, ರೋಗಿ ಚೇತರಿಸಿಕೊಂಡರು. ಅವರು ಅಂದು ಗಂಜಿಯನ್ನು ಎರಡು ಚಮಚ ಕುಡಿದು ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಕ್ರಿಯಾಟಿನಿನ್ 2.8 ಇತ್ತು, ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್ ಮಾತ್ರೆ ನಡೆಯುತ್ತಿತ್ತು. ಅಂದಿನಿಂದ ಸಿರಿಂಜ್ ಹಿಡಿದರೆ ಕೈ ನಡುಗುತ್ತದೆ. ಐದೂ ಸರಿ ಇದ್ದ ಮೇಲೆ ತಪ್ಪಿದ್ದೆಲ್ಲಿ? ಔಷಧಶಾಸ್ತ್ರದ ಪುಸ್ತಕ ಅಷ್ಟು ದಪ್ಪ ಇದೆ. ಅದರಲ್ಲಿ ನರ್ಸ್ ಆದವಳಿಗೆ ಎಷ್ಟು ಗೊತ್ತಿರಬೇಕು?

ಉತ್ತರ: ಮೊದಲು ಒಂದು ಮಾತು. ಹತ್ತೂವರೆಗೆ ನೀವು ಆ ಹಾಸಿಗೆಯ ಬಳಿ ಹೋದಿರಿ, ಬೆವರನ್ನು ಜ್ವರ ಇಳಿಯುತ್ತಿರುವ ಬೆವರು ಎಂದು ಬಿಟ್ಟುಬಿಡದೆ ಸಕ್ಕರೆ ನೋಡಿದಿರಿ. ಇಲಿ ಜ್ವರದ ರೋಗಿಯಲ್ಲಿ ಹಾಗೆ ತಿಳಿದುಕೊಳ್ಳುವುದು ಬಹಳ ಸುಲಭವಿತ್ತು. ಆ ಮನುಷ್ಯ ಮನೆಗೆ ಹೋದದ್ದು ನಿಮ್ಮ ಆ ಒಂದು ಅನುಮಾನದಿಂದ. ಕೈ ನಡುಗುವಾಗ ಇದನ್ನೂ ನೆನಪಿಸಿಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ಐದು ಸರಿಗಳು ಬಾಗಿಲ ಬಳಿಯ ಪರಿಶೀಲನೆ. ಚಾರ್ಟಿನಲ್ಲಿ ಬರೆದದ್ದೂ ನಿಮ್ಮ ಕೈಯಲ್ಲಿರುವುದೂ ಎದುರಿಗಿರುವ ರೋಗಿಯೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದನ್ನಷ್ಟೇ ಅವು ಹೇಳುತ್ತವೆ. ಬೆಳಗಿನ ರೌಂಡ್ಸ್‌ನಲ್ಲಿ ಬರೆದ ಆದೇಶ ರಾತ್ರಿ ಎಂಟಕ್ಕೂ ಈ ದೇಹಕ್ಕೆ ಹೊಂದುತ್ತದೆಯೇ ಎಂಬುದನ್ನು ಅವು ಹೇಳುವುದಿಲ್ಲ. ಅದನ್ನು ಹೇಳುವುದು ಔಷಧಶಾಸ್ತ್ರ. ನರ್ಸ್‌ಗೆ ಬೇಕಾದ ಔಷಧಶಾಸ್ತ್ರ ಹೆಸರುಗಳ ಪಟ್ಟಿಯಲ್ಲಿ ಇಲ್ಲ. ಪ್ರತಿ ಔಷಧಕ್ಕೂ ಒಂದು ಗಡಿಯಾರ ಇದೆ, ಒಂದು ದಾರಿ ಇದೆ. ಯಾವಾಗ ಕೆಲಸ ಶುರು, ಯಾವಾಗ ಜೋರು, ಯಾವಾಗ ಮುಗಿಯುತ್ತದೆ ಎಂಬುದು ಗಡಿಯಾರ. ಎಲ್ಲಿಂದ ಒಳಗೆ ಹೋಗುತ್ತದೆ, ಯಾವ ಅಂಗದ ಮೂಲಕ ಹೊರಗೆ ಬರುತ್ತದೆ ಎಂಬುದು ದಾರಿ. ಇವೆರಡು ಗೊತ್ತಿದ್ದರೆ ಆ ದಪ್ಪ ಪುಸ್ತಕದ ಮುಕ್ಕಾಲು ಭಾಗವನ್ನು ಬೇಕಾದಾಗ ತೆರೆದು ನೋಡಿಕೊಳ್ಳಬಹುದು.

ನಿಮ್ಮ ರೋಗಿಯನ್ನೇ ತೆಗೆದುಕೊಳ್ಳೋಣ. ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಕೊಟ್ಟರೆ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಶುರು ಮಾಡುತ್ತದೆ, ಎರಡರಿಂದ ನಾಲ್ಕು ಗಂಟೆಯೊಳಗೆ ಅದರ ಬಲ ತುತ್ತತುದಿಗೆ ಏರುತ್ತದೆ, ಆರರಿಂದ ಎಂಟು ಗಂಟೆ ಇರುತ್ತದೆ. ಎಂಟಕ್ಕೆ ಕೊಟ್ಟಿದ್ದೀರಿ, ಹಾಗಾದರೆ ಅಪಾಯದ ಹೊತ್ತು ಹತ್ತರಿಂದ ಹನ್ನೆರಡು. ರೋಗಿ ಬೆವರಿದ್ದು ಹತ್ತೂವರೆಗೆ. ಗಡಿಯಾರ ತನ್ನ ಪಾಡಿಗೆ ಸರಿಯಾಗಿಯೇ ನಡೆದಿದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವ ಈ ಇನ್ಸುಲಿನ್, ಹಿಂದೆಯೇ ಊಟ ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಊಟ ಬರಲಿಲ್ಲ. ನಮ್ಮ ಕಡೆಯ ತಿಳಿಗಂಜಿಯಲ್ಲಿ ಎರಡು ಚಮಚ ಎಂದರೆ ಅದು ಹೆಚ್ಚುಕಡಿಮೆ ನೀರೇ.

ಆಸ್ಪಾರ್ಟ್, ಲಿಸ್‌ಪ್ರೊದಂಥ ವೇಗದ ಇನ್ಸುಲಿನ್ ಆಗಿದ್ದರೆ ಹತ್ತು ಹದಿನೈದು ನಿಮಿಷದಲ್ಲೇ ಶುರುವಾಗಿ ಒಂದೆರಡು ಗಂಟೆಯಲ್ಲಿ ಏರಿಬಿಡುತ್ತಿತ್ತು. 30/70 ಮಿಶ್ರಣವಾಗಿದ್ದರೆ ಅದರಲ್ಲಿರುವ ನಿಧಾನದ ಭಾಗ ನಡುರಾತ್ರಿಯ ನಂತರವೂ ಕೆಲಸ ಮಾಡುತ್ತಿರುತ್ತಿತ್ತು. ಗ್ಲಾರ್ಜಿನ್‌ಗೆ ಹೇಳಿಕೊಳ್ಳುವಂಥ ಏರು ಇಲ್ಲ, ಸುಮಾರು ಇಡೀ ದಿನ ಸಮತಟ್ಟಾಗಿ ಹರಡಿಕೊಂಡಿರುತ್ತದೆ. ನಾಲ್ಕಕ್ಕೂ ಇನ್ಸುಲಿನ್ ಎಂದೇ ಹೆಸರು. ಆದರೆ ರಾತ್ರಿ ಪಾಳಿಯವಳು ಯಾವ ಹೊತ್ತಿಗೆ ಎಚ್ಚರವಾಗಿರಬೇಕು ಎಂಬುದು ನಾಲ್ಕಕ್ಕೂ ಬೇರೆ.

ಇನ್ನು ಕ್ರಿಯಾಟಿನಿನ್ 2.8, ಅಂದರೆ ಮೂತ್ರಪಿಂಡ ಕುಂದಿದೆ ಎಂಬ ಗುರುತು. ಇನ್ಸುಲಿನ್ನಿನ ಒಂದು ದೊಡ್ಡ ಪಾಲನ್ನು ಒಡೆದು ತೆಗೆಯುವುದು ಮೂತ್ರಪಿಂಡ. ಇಲಿ ಜ್ವರ ಹೊಡೆಯುವುದೇ ಮೂತ್ರಪಿಂಡಕ್ಕೆ. ಮನೆಯಲ್ಲಿ ಅವರಿಗೆ ಹೊಂದುತ್ತಿದ್ದ 10 ಯೂನಿಟ್ ಈ ವಾರ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ, ಹಾಗಾಗಿ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ. ಹಸಿದಾಗ ಸಕ್ಕರೆ ತಯಾರಿಸಿ ಕೊಡುವ ಕೆಲಸದಲ್ಲೂ ಮೂತ್ರಪಿಂಡಕ್ಕೆ ಪಾಲಿದೆ, ಅದೂ ಕುಂದಿರುತ್ತದೆ. ಪ್ರಮಾಣ ಚಾರ್ಟಿನ ಪ್ರಕಾರ ಸರಿ, ದೇಹದ ಪ್ರಕಾರ ಹೆಚ್ಚು.

ನಾಡಿ 76 ಇದ್ದದ್ದು ಏಕೆಂದು ನೀವು ಕೇಳಿಲ್ಲ, ಆದರೆ ಬರೆದಿದ್ದೀರಿ. ಅದು ನಿಮ್ಮನ್ನು ಕಾಡಿದೆ ಎಂದುಕೊಳ್ಳುತ್ತೇನೆ. ಸಕ್ಕರೆ ಇಳಿದಾಗ ದೇಹ ಅಡ್ರಿನಾಲಿನ್ ಸುರಿಸುತ್ತದೆ, ಎದೆ ಬಡಿತ ಏರುತ್ತದೆ. ಮೆಟೊಪ್ರೊಲಾಲ್ ಹೃದಯದಲ್ಲಿ ಆ ಅಡ್ರಿನಾಲಿನ್ ಕೂರುವ ಜಾಗವನ್ನೇ ಮುಚ್ಚಿಬಿಟ್ಟಿರುತ್ತದೆ. ಬೀಟಾ ಬ್ಲಾಕರ್ ಎಂಬ ಇದೇ ಗುಂಪಿನ ಪ್ರೊಪ್ರಾನೊಲಾಲ್ ಆಗಿದ್ದರೆ ಕೈ ನಡುಕವನ್ನೂ ಅಡಗಿಸುತ್ತಿತ್ತು. ಬೆವರು ಮಾತ್ರ ಅಡಗುವುದಿಲ್ಲ, ಏಕೆಂದರೆ ಬೆವರಿನ ಗ್ರಂಥಿಗೆ ಆಜ್ಞೆ ಹೋಗುವುದು ಅಸಿಟೈಲ್‌ಕೋಲಿನ್ ಎಂಬ ಬೇರೊಂದು ರಾಸಾಯನಿಕದ ಮೂಲಕ. ಬೀಟಾ ಬ್ಲಾಕರ್ ತೆಗೆದುಕೊಳ್ಳುವ ಮಧುಮೇಹಿಯಲ್ಲಿ ಬೆವರು ಕಂಡರೆ ನಾಡಿ ನೋಡಿ ಸಮಾಧಾನ ಮಾಡಿಕೊಳ್ಳಬಾರದು, ಗ್ಲೂಕೋಮೀಟರ್ ತರಬೇಕು. ನೀವು ತಂದಿರಿ.

ಡೆಕ್ಸ್‌ಟ್ರೋಸ್ ಕೊಟ್ಟ ಮೇಲೆ ಏನು ಮಾಡಿದಿರಿ ಎಂದು ಬರೆದಿಲ್ಲ. 25% ಡೆಕ್ಸ್‌ಟ್ರೋಸ್ 100 ಮಿ.ಲೀ. ಎಂದರೆ 25 ಗ್ರಾಂ ಸಕ್ಕರೆ. ಅದಕ್ಕೂ ಒಂದು ಗಡಿಯಾರ ಇದೆ, ಅದು ಬಹಳ ಗಿಡ್ಡ. ಇನ್ಸುಲಿನ್ ಇನ್ನೂ ಮೂರು ನಾಲ್ಕು ಗಂಟೆ ಒಳಗೇ ಇರುತ್ತದೆ, ಕುಂದಿದ ಮೂತ್ರಪಿಂಡದಲ್ಲಿ ಇನ್ನೂ ಹೆಚ್ಚು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಎಚ್ಚರವಾದ ಮೇಲೆ ಬಾಯಿಗೆ ತಿನ್ನಲು ಕೊಟ್ಟು, ಬೆಳಗಿನ ಜಾವದವರೆಗೆ ಗಂಟೆಗೊಮ್ಮೆಯಾದರೂ ನೋಡುತ್ತಿರಬೇಕು. ಎರಡನೆಯ ಸಲ ಇಳಿಯುವುದು ಎಲ್ಲರೂ ನಿರಾಳವಾಗಿ ಕೂತ ಮೇಲೆ.

ಇನ್ಸುಲಿನ್ ಬಿಡುವ ಮುನ್ನ ಸಿರಿಂಜಿನ ವಿಷಯ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ರದು, ಕಿತ್ತಳೆ ಮುಚ್ಚಳದ್ದು 100ರದು. ಪೆನ್ನಿನ ಸೂಜಿ ಮುಗಿದಿದೆ ಎಂದು ಅದರ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ 10 ಯೂನಿಟ್ ಎಂದುಕೊಂಡು 25 ಯೂನಿಟ್ ಕೊಟ್ಟಂತಾಗುತ್ತದೆ. ಅಲ್ಲಿಯೂ ಐದು ಸರಿಗಳು ಸರಿಯಾಗಿಯೇ ಕಾಣುತ್ತವೆ.

ಇಷ್ಟು ಒಂದೇ ಔಷಧದ ಕಥೆ. ಇದನ್ನು ಬಿಡಿಸಿ ಹೇಳಲು ಕಾರಣ, ಉಳಿದವನ್ನೂ ನೀವು ಹೀಗೆಯೇ ಓದಬೇಕು.

ನನ್ನ ಎರಡನೆಯ ವರ್ಷದ ಕೆಲಸದಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೃದಯ ಸೋತ ಅಜ್ಜಿಯೊಬ್ಬರಿಗೆ ದಿನಕ್ಕೊಂದು ಡಿಗಾಕ್ಸಿನ್ 0.25 ಮಿ.ಗ್ರಾಂ. ಮಾತ್ರೆ, ಜೊತೆಗೆ ನೀರು ಇಳಿಸಲು ಫ್ರುಸಮೈಡ್. ಮೂರು ದಿನದಿಂದ ಅಜ್ಜಿ ಗಂಜಿ ಸೇರುವುದಿಲ್ಲ ಎನ್ನುತ್ತಿದ್ದರು. ನಾವು ಮೂರು ಪಾಳಿಯವರೂ ‘ಊಟ ಸರಿಯಾಗಿ ಮಾಡುತ್ತಿಲ್ಲ’ ಎಂದು ಬರೆದೆವು, ಬರೆದು ಮಾತ್ರೆ ಕೊಟ್ಟೆವು. ನಾಲ್ಕನೆಯ ಬೆಳಿಗ್ಗೆ ಅಜ್ಜಿ ದೀಪವೆಲ್ಲ ಹಳದಿ ಕಾಣುತ್ತದೆ ಮಗಾ ಎಂದರು. ನಾಡಿ ನೋಡಿದೆ, 46. ಹಸಿವು ಹೋಗುವುದು, ವಾಕರಿಕೆ, ನಿಧಾನದ ನಾಡಿ, ಹಳದಿ ನೋಟ ಇವೆಲ್ಲ ಡಿಗಾಕ್ಸಿನ್ ವಿಷವಾಗುತ್ತಿರುವುದರ ಗುರುತು. ಅದೇ ಕುಲದ ಡಿಜಿಟಾಲಿಸ್ ಗಿಡದ ಬಗ್ಗೆ ವಿಲಿಯಂ ವಿದರಿಂಗ್ ಎಂಬ ಇಂಗ್ಲೆಂಡಿನ ವೈದ್ಯ 1785ರಲ್ಲೇ ಈ ಲಕ್ಷಣಗಳನ್ನು ಬರೆದಿಟ್ಟಿದ್ದ. ಇನ್ನೂರು ವರ್ಷದ ಹಳೆಯ ತಿಳಿವಳಿಕೆ ನನ್ನ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲೂ ಇತ್ತು, ಅಜ್ಜಿಯ ಹಾಸಿಗೆಯ ಬಳಿ ಮಾತ್ರ ನೆನಪಾಗಲಿಲ್ಲ. ಆ ನೋವು ಇಂದಿಗೂ ಇದೆ.

ಅಲ್ಲಿ ನಡೆದದ್ದು ಇಷ್ಟು. ಫ್ರುಸಮೈಡ್ ನೀರಿನ ಜೊತೆ ಪೊಟ್ಯಾಸಿಯಂ ಅನ್ನೂ ಹೊರಗೆ ಕಳುಹಿಸುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದರೆ ಅದೇ ಪ್ರಮಾಣದ ಡಿಗಾಕ್ಸಿನ್ ಹೃದಯವನ್ನು ಹೆಚ್ಚು ಹಿಡಿಯುತ್ತದೆ. ಡಿಗಾಕ್ಸಿನ್ ಹೊರಗೆ ಹೋಗುವ ದಾರಿಯೂ ಮೂತ್ರಪಿಂಡವೇ. ಅದರ ಅರ್ಧಾಯು, ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಮೂತ್ರಪಿಂಡ ಚೆನ್ನಾಗಿರುವವರಲ್ಲೇ ಸುಮಾರು ಒಂದೂವರೆ ದಿನ. ವಯಸ್ಸಾದವರಲ್ಲಿ ಇನ್ನೂ ಉದ್ದ. ಯಾವ ಔಷಧವಾದರೂ ಒಂದೇ ಪ್ರಮಾಣದಲ್ಲಿ ಕೊಡುತ್ತ ಹೋದರೆ ರಕ್ತದಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಲ್ಲಲು ನಾಲ್ಕರಿಂದ ಐದು ಅರ್ಧಾಯು ಬೇಕು, ನಿಲ್ಲಿಸಿದ ಮೇಲೆ ಖಾಲಿಯಾಗಲೂ ಅಷ್ಟೇ ಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಅಜ್ಜಿಯ ನಾಡಿ ತಹಬಂದಿಗೆ ಬರಲು ಸುಮಾರು ಒಂದು ವಾರ ಹಿಡಿದದ್ದು ಅದಕ್ಕೇ. ಡಿಗಾಕ್ಸಿನ್ ಕೊಡುವ ಮುಂಚೆ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು, ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆದು ವೈದ್ಯರಿಗೆ ತಿಳಿಸಬೇಕು ಎಂಬ ನಿಯಮದ ಹಿಂದೆ ಇಷ್ಟೆಲ್ಲ ಇದೆ.

ಅರ್ಧಾಯು ಅರ್ಥವಾದರೆ ಸಮಯದ ವಿಷಯವೂ ಅರ್ಥವಾಗುತ್ತದೆ. ನಿಮ್ಮ ವಾರ್ಡಿನಲ್ಲಿ ಮಳೆಗಾಲವಿಡೀ ಇಲಿ ಜ್ವರಕ್ಕೆ ಕ್ರಿಸ್ಟಲೈನ್ ಪೆನಿಸಿಲಿನ್ ಆರು ಗಂಟೆಗೊಮ್ಮೆ ನಡೆಯುತ್ತಿರುತ್ತದೆ. ಮೂತ್ರಪಿಂಡ ಸರಿಯಾಗಿದ್ದರೆ ಪೆನಿಸಿಲಿನ್‌ನ ಅರ್ಧಾಯು ಹೆಚ್ಚುಕಡಿಮೆ ಅರ್ಧ ಗಂಟೆ. ರಕ್ತದಲ್ಲಿ ಅದರ ಮಟ್ಟ ಒಂದು ಗೆರೆಗಿಂತ ಮೇಲೆ ಎಷ್ಟು ಹೊತ್ತು ಇರುತ್ತದೋ ಅಷ್ಟು ಹೊತ್ತು ಮಾತ್ರ ಅದು ರೋಗಾಣುವಿನ ವಿರುದ್ಧ ಕೆಲಸ ಮಾಡುತ್ತದೆ. ನಡುರಾತ್ರಿ ಹನ್ನೆರಡರ ಡೋಸನ್ನು ರೋಗಿ ನಿದ್ದೆ ಮಾಡಲಿ ಎಂದು ಎರಡಕ್ಕೆ ತಳ್ಳಿದರೆ ಆ ಎರಡು ಗಂಟೆ ರೋಗಾಣುವಿನದು. ಜೆಂಟಾಮೈಸಿನ್ ಇದಕ್ಕೆ ತಿರುಗುಮುರುಗು. ಅದು ಮಟ್ಟ ಎತ್ತರಕ್ಕೆ ಏರಿದಾಗ ಹೊಡೆಯುತ್ತದೆ, ಆಮೇಲೆ ಪೂರ್ತಿ ಇಳಿಯಬೇಕು. ಇಳಿಯದೆ ಉಳಿದದ್ದು ಮೂತ್ರಪಿಂಡವನ್ನೂ ಒಳಗಿವಿಯನ್ನೂ ಕೆಡಿಸುತ್ತದೆ. ಅದಕ್ಕೇ ಹಲವರಿಗೆ ಅದನ್ನು ದಿನಕ್ಕೆ ಒಂದೇ ಸಲ ಬರೆಯುತ್ತಾರೆ. ಜೆಂಟಾಮೈಸಿನ್ ನಡೆಯುತ್ತಿರುವ ರೋಗಿಯ ಮೂತ್ರ ಅಳೆಯುವುದನ್ನು, ಕಿವಿಯಲ್ಲಿ ಶಬ್ದ ಬರುತ್ತದೆಯೇ ಎಂದು ಕೇಳುವುದನ್ನು ಯಾರೂ ಆದೇಶದಲ್ಲಿ ಬರೆಯದಿರಬಹುದು. ನೀವು ಮಾಡಿ.

ಪೆನಿಸಿಲಿನ್ ಮಾತು ಬಂದದ್ದರಿಂದ ಇದನ್ನೂ ತಿಳಿದಿರಿ. ಇಲಿ ಜ್ವರದಲ್ಲಿ ಮೊದಲ ಡೋಸ್ ಕೊಟ್ಟ ಕೆಲವು ಗಂಟೆಗಳಲ್ಲಿ ಒಮ್ಮೊಮ್ಮೆ ಚಳಿ ನಡುಕ, ಜ್ವರ ಏರುವುದು, ರಕ್ತದೊತ್ತಡ ಇಳಿಯುವುದು ಕಾಣುತ್ತದೆ. ಸತ್ತ ರೋಗಾಣುಗಳಿಂದ ಹೊರಬಿದ್ದ ವಸ್ತುಗಳಿಗೆ ದೇಹ ತೋರುವ ಪ್ರತಿಕ್ರಿಯೆ ಅದು, ಯಾರಿಷ್–ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎಂದು ಹೆಸರು. ಅಲರ್ಜಿ ಹಾಗಲ್ಲ. ಅದು ಸಾಮಾನ್ಯವಾಗಿ ನಿಮಿಷಗಳಲ್ಲಿ ಬರುತ್ತದೆ, ಮೈಯಲ್ಲಿ ದದ್ದು, ತುಟಿ ಊತ, ಉಸಿರಿನಲ್ಲಿ ಶಿಳ್ಳೆ ಇರುತ್ತದೆ. ಅಲರ್ಜಿ ಆಘಾತವಾದರೆ ಮೊದಲ ಔಷಧ ಅಡ್ರಿನಾಲಿನ್. ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಆಂಪ್ಯೂಲಿನಿಂದ ದೊಡ್ಡವರಿಗೆ ಅರ್ಧ ಮಿ.ಲೀ., ತೊಡೆಯ ಹೊರಬದಿಯ ಸ್ನಾಯುವಿಗೆ. ಬೇಕಾದರೆ ಐದು ನಿಮಿಷದ ನಂತರ ಇನ್ನೊಮ್ಮೆ. ಅಲರ್ಜಿಗೆ ಕೊಡುವ ಏವಿಲ್, ಹೈಡ್ರೊಕಾರ್ಟಿಸೋನ್ ಆಮೇಲೆ. ಅವುಗಳನ್ನೇ ಮೊದಲು ಕೊಟ್ಟು ಅಡ್ರಿನಾಲಿನ್ ತಡ ಮಾಡಿದ್ದನ್ನು ನಾನು ಕಂಡಿದ್ದೇನೆ. ಇಂಥ ಹೊತ್ತಿಗೆ ವೈದ್ಯರಿಗಾಗಿ ಕಾಯದೆ ಏನು ಕೊಡಬಹುದೆಂಬ ಲಿಖಿತ ನಿಯಮ ನಿಮ್ಮ ಆಸ್ಪತ್ರೆಯಲ್ಲಿ ಇದೆಯೇ ಎಂದು ಇಂದೇ ಇನ್‌ಚಾರ್ಜ್ ಸಿಸ್ಟರ್ ಅವರಲ್ಲಿ ಕೇಳಿ ಓದಿಕೊಳ್ಳಿ.

ಒಳಗೆ ಹೋಗುವ ದಾರಿಯ ಬಗ್ಗೆ ಈಗ. ಬಾಯಿಯಿಂದ ನುಂಗಿದ ಮಾತ್ರೆ ಕರುಳಿನಿಂದ ನೇರ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಯಕೃತ್ತಿನ ಸುಂಕದ ಕಟ್ಟೆ ದಾಟಬೇಕು. ಕೆಲವು ಔಷಧಗಳ ಬಹುಪಾಲು ಅಲ್ಲಿಯೇ ಕಳೆದುಹೋಗುತ್ತದೆ. ಎದೆನೋವಿಗೆ ಕೊಡುವ ಸಾರ್ಬಿಟ್ರೇಟನ್ನು ನಾಲಿಗೆಯಡಿ ಇಡುವುದು ಆ ಕಟ್ಟೆ ತಪ್ಪಿಸಲು. ರೋಗಿ ಗಾಬರಿಯಲ್ಲಿ ಅದನ್ನು ನೀರಿನ ಜೊತೆ ನುಂಗಿಬಿಟ್ಟರೆ ಮಾತ್ರೆ ಸರಿಯಾದದ್ದೇ, ಎದೆನೋವು ಮಾತ್ರ ಇಳಿಯುವುದಿಲ್ಲ. ಮಾರ್ಫಿನ್ ಬಾಯಿಗೆ ಕೊಡುವ ಪ್ರಮಾಣ ಸೂಜಿಯದಕ್ಕಿಂತ ಹೆಚ್ಚಿರುವುದೂ ಇದೇ ಕಾರಣಕ್ಕೆ. ಬಾಯಿಯ ಪ್ರಮಾಣವನ್ನು ತಪ್ಪಿ ರಕ್ತನಾಳಕ್ಕೆ ಕೊಟ್ಟರೆ ಉಸಿರು ನಿಲ್ಲಬಹುದು.

ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದ ರೋಗಿಗಳ ಬಗ್ಗೆ ನನಗೆ ವಿಶೇಷ ಆತಂಕ. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಕುಟ್ಟಿ ನೀರಿನಲ್ಲಿ ಕಲಸಿ ಇಳಿಸುವ ಪದ್ಧತಿ ಎಷ್ಟೋ ವಾರ್ಡುಗಳಲ್ಲಿ ಇದೆ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ರಿಟಾರ್ಡ್ ಎಂದಿದ್ದರೆ ಆ ಮಾತ್ರೆ ಹನ್ನೆರಡೋ ಇಪ್ಪತ್ತನಾಲ್ಕೋ ಗಂಟೆ ನಿಧಾನವಾಗಿ ಬಿಚ್ಚಿಕೊಳ್ಳಲು ಕಟ್ಟಿದ್ದು. ನಿಫೆಡಿಪಿನ್ ರಿಟಾರ್ಡ್ ಕುಟ್ಟಿದರೆ ದಿನದ ಔಷಧವೆಲ್ಲ ಒಂದೇ ಏಟಿಗೆ ರಕ್ತಕ್ಕೆ ಇಳಿದು ರಕ್ತದೊತ್ತಡ ಕುಸಿಯುತ್ತದೆ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯ ಹೊರ ಹೊದಿಕೆ ಅದನ್ನು ಜಠರದ ಆಮ್ಲದಿಂದ ಕಾಪಾಡಲು ಇರುವುದು. ಕುಟ್ಟಿದರೆ ಅದು ಅಲ್ಲೇ ಹಾಳು. ಫಿನೈಟಾಯಿನ್ ಟ್ಯೂಬಿನ ಆಹಾರದ ಜೊತೆ ಹೋದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಮೂರ್ಛೆ ಮರಳುತ್ತದೆ. ಕುಟ್ಟುವ ಮುಂಚೆ ಔಷಧಾಲಯಕ್ಕೆ ಒಂದು ಫೋನ್ ಮಾಡಿ, ದ್ರವರೂಪ ಇದೆಯೇ ಎಂದು ಕೇಳಿ.

ರಕ್ತನಾಳದ ದಾರಿಯಲ್ಲಿ ಕಟ್ಟೆಯೂ ಇಲ್ಲ, ಹಿಂದಕ್ಕೆ ತೆಗೆಯುವ ಉಪಾಯವೂ ಇಲ್ಲ. ಹಾಗಾಗಿ ಇಲ್ಲಿ ವೇಗವೇ ಔಷಧದ ಅರ್ಧ ಭಾಗ. ಫಿನೈಟಾಯಿನ್ ದೊಡ್ಡವರಿಗೆ ನಿಮಿಷಕ್ಕೆ 50 ಮಿ.ಗ್ರಾಂ. ಮೀರಬಾರದು, ನಾರ್ಮಲ್ ಸಲೈನ್‌ನಲ್ಲಿಯೇ ಕೊಡಬೇಕು, ಡೆಕ್ಸ್‌ಟ್ರೋಸ್‌ನಲ್ಲಿ ಹಾಕಿದರೆ ಹರಳುಗಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಮತ್ತು ರಿಂಗರ್ ಲ್ಯಾಕ್ಟೇಟ್ ಒಂದೇ ನಳಿಕೆಯಲ್ಲಿ ಕೂಡಬಾರದು, ರಿಂಗರ್‌ನ ಕ್ಯಾಲ್ಸಿಯಂ ಜೊತೆ ಅದು ಗಸಿಯಾಗುತ್ತದೆ. ನವಜಾತ ಶಿಶುಗಳಲ್ಲಿ ಇದು ಜೀವವನ್ನೇ ತೆಗೆದಿದೆ. ನಳಿಕೆಯಲ್ಲಿ ಮಬ್ಬು ಕಂಡ ತಕ್ಷಣ ಡ್ರಿಪ್ ನಿಲ್ಲಿಸುವ ಹಕ್ಕು ನಿಮಗಿದೆ.

ಪೊಟ್ಯಾಸಿಯಂ ಕ್ಲೋರೈಡ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ನಮ್ಮಲ್ಲಿ ಸಿಗುವ 15%ದ 10 ಮಿ.ಲೀ. ಆಂಪ್ಯೂಲಿನಲ್ಲಿ ಪೊಟ್ಯಾಸಿಯಂ 20 ಮಿಲಿ ಈಕ್ವಿವಲೆಂಟ್ (ಲವಣಗಳನ್ನು ಅಳೆಯುವ ಮಾನ) ಇರುತ್ತದೆ. ಅದನ್ನು ಹಾಗೆಯೇ ಸಿರಿಂಜಿನಿಂದ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ನೋಡಲು ಅದು ಡಿಸ್ಟಿಲ್ಡ್ ವಾಟರ್ ಆಂಪ್ಯೂಲಿನಂತೆಯೇ ಇರುವುದರಿಂದ ಎರಡನ್ನೂ ಒಂದೇ ಟ್ರೇಯಲ್ಲಿ ಎಂದೂ ಇಡಬಾರದು. 500 ಮಿ.ಲೀ. ಸಲೈನ್‌ಗೆ ಒಂದು ಆಂಪ್ಯೂಲ್ ಹಾಕಿ ನಾಲ್ಕು ಗಂಟೆಯಲ್ಲಿ ಇಳಿಸಲು ಬರೆದಿದ್ದಾರೆ ಎನ್ನಿ. ಗಂಟೆಗೆ 5 ಮಿಲಿ ಈಕ್ವಿವಲೆಂಟ್ ಆಯಿತು. ಕೈಯ ಸಣ್ಣ ರಕ್ತನಾಳದಲ್ಲಿ ವಾರ್ಡಿನಲ್ಲಿ ಕೊಡುವಾಗ ಸಾಮಾನ್ಯವಾಗಿ ಗಂಟೆಗೆ 10 ಮೀರುವುದಿಲ್ಲ, ಹಾಗಾಗಿ ಇದು ಸುರಕ್ಷಿತ. ಹನಿ ಲೆಕ್ಕ: ಮಾಮೂಲಿ ಐವಿ ಸೆಟ್ಟಿನಲ್ಲಿ ಮಿ.ಲೀ.ಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 42 ಹನಿ, ಅಂದರೆ ಹದಿನೈದು ಸೆಕೆಂಡಿಗೆ ಹತ್ತು ಹನ್ನೊಂದು. ಮೈಕ್ರೊ ಸೆಟ್ ಆದರೆ ಮಿ.ಲೀ.ಗೆ 60 ಹನಿ, ಲೆಕ್ಕವೇ ಬೇರೆ. ಸೆಟ್ಟಿನ ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ.

ಇನ್ನೊಂದು ಅಂಶ ಪುಸ್ತಕದಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ತೂಗುಹಾಕಿದ ಬ್ಯಾಗಿಗೆ ಪೊಟ್ಯಾಸಿಯಂ ಚುಚ್ಚಿ ಹಾಗೇ ಬಿಟ್ಟರೆ ಅದು ಭಾರವಾಗಿರುವುದರಿಂದ ಕೆಳಗೆ, ನಳಿಕೆಯ ಬಾಯಿಯ ಬಳಿಯೇ, ಕೂರುತ್ತದೆ. ಮೊದಲ ಕೆಲವು ನಿಮಿಷ ರೋಗಿಗೆ ಹೋಗುವುದು ಗಟ್ಟಿ ಪೊಟ್ಯಾಸಿಯಂ. ಬ್ಯಾಗನ್ನು ಕೆಳಗಿಳಿಸಿ, ಡ್ರಿಪ್ ಮುಚ್ಚಿ, ಔಷಧ ಹಾಕಿ, ಹತ್ತು ಸಲವಾದರೂ ತಲೆಕೆಳಗು ಮಾಡಿ ಕಲಸಿ, ಆಮೇಲೆ ತೂಗುಹಾಕಿ. ಮೂತ್ರ ಹೋಗುತ್ತಿದೆಯೇ ಎಂದು ಮೊದಲು ನೋಡಿ. ಮೂತ್ರ ನಿಂತ ರೋಗಿಗೆ ಪೊಟ್ಯಾಸಿಯಂ ಬರೆದಿದ್ದರೆ ಆದೇಶವನ್ನು ಪ್ರಶ್ನಿಸದೆ ಕೊಡಬೇಡಿ.

ಪೊಟ್ಯಾಸಿಯಂ ಬಾಟಲಿಯಿಂದ ಮಾತ್ರ ಬರುವುದಿಲ್ಲ. ನಮ್ಮ ಊರಿನಲ್ಲಿ ರೋಗಿಯನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ, ಬೊಂಡ ತರುತ್ತಾರೆ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಮೂತ್ರಪಿಂಡ ಕುಂದಿದ, ಜೊತೆಗೆ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವ ರೋಗಿಗೆ ದಿನಕ್ಕೆ ಎರಡು ಮೂರು ಬೊಂಡ ಎಂದರೆ ಅದು ಔಷಧದ ಪ್ರಮಾಣವೇ, ಚಾರ್ಟಿನಲ್ಲಿ ಬರೆಯದ ಪ್ರಮಾಣ. ಹಾಸಿಗೆಯ ಕೆಳಗೆ ಖಾಲಿ ಬೊಂಡ ಕಂಡರೆ ಲೆಕ್ಕ ಕೇಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರ ಮನೆಯವರಿಗೆ ಹಸಿರು ಸೊಪ್ಪಿನ ವಿಷಯ ಹೇಳುವಾಗ ‘ತಿನ್ನಲೇಬೇಡಿ’ ಎನ್ನಬೇಡಿ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ. ವಾರವಿಡೀ ಮುಟ್ಟದೆ ಒಂದು ದಿನ ರಾಶಿ ತಿನ್ನುವುದೇ ತೊಂದರೆ. ಸಮನಾಗಿ ತಿನ್ನಲಿ, ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸದಿರಲಿ. ಕಷಾಯ, ನಾಟಿ ಮದ್ದು ತೆಗೆದುಕೊಂಡಿದ್ದಾರೆಯೇ ಎಂದು ಕೇಳುವಾಗ ಗದರಿಸುವ ದನಿ ಬೇಡ. ಗದರಿಸಿದರೆ ಇಲ್ಲ ಎನ್ನುತ್ತಾರೆ, ನಿಮಗೆ ಬೇಕಾದ ಮಾಹಿತಿ ಅಲ್ಲಿಗೆ ಮುಗಿಯಿತು.

ಮಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಮಲೇರಿಯಾ ಹೊಸದಲ್ಲ. ವೈವಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಮರಳದಿರಲು 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಗರ್ಭಿಣಿಯರಿಗೆ ಕೊಡುವುದಿಲ್ಲ. ಮನೆಗೆ ಕಳುಹಿಸುವಾಗ ‘ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಬನ್ನಿ’ ಎಂಬ ಒಂದು ವಾಕ್ಯವನ್ನು ಅವರ ಭಾಷೆಯಲ್ಲಿ ಹೇಳಿ. ಕಟ್ಟಡ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರಾದರೆ ಅವರ ಜೊತೆಗಾರರಲ್ಲಿ ಕನ್ನಡ ಬಲ್ಲವರನ್ನು ಕರೆದು ಹೇಳಿಸಿ.

ಭಾಷೆಯ ವಿಷಯಕ್ಕೆ ಬಂದೆವು, ಹಾಗಾಗಿ ಐದರಲ್ಲಿ ಮೊದಲ ಸರಿಯನ್ನೇ, ಅಂದರೆ ಸರಿಯಾದ ರೋಗಿ ಎಂಬುದನ್ನೇ, ಮತ್ತೊಮ್ಮೆ ನೋಡೋಣ. ನಮ್ಮ ಜಿಲ್ಲೆಗಳಲ್ಲಿ ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಪೂಜಾರಿಯವರೋ ಶೆಟ್ಟಿಯವರೋ ಇರುವುದು ವಿಶೇಷವಲ್ಲ. ‘ನೀವು ಇಂಥವರೇ ತಾನೆ?’ ಎಂದು ಕೇಳಿದರೆ ಕಿವಿ ಮಂದವಾದ ಅಜ್ಜ ಹೂಂ ಎನ್ನುತ್ತಾರೆ. ಹೆಸರನ್ನು ಅವರ ಬಾಯಿಂದಲೇ ಹೇಳಿಸಿ. ತುಳು ಮಾತ್ರ ಬಲ್ಲವರಾದರೆ ‘ಈರೆನ ಪುದರ್ ದಾದ?’ ಎನ್ನಿ. ಜೊತೆಗೆ ಕೈಪಟ್ಟಿಯ ಆಸ್ಪತ್ರೆ ಸಂಖ್ಯೆ ನೋಡಿ. ಹಾಸಿಗೆಯ ಸಂಖ್ಯೆ ಗುರುತಾಗಲಾರದು, ಫ್ಯಾನ್ ಗಾಳಿ ಬರುವ ಹಾಸಿಗೆಗೆ ರೋಗಿಗಳು ತಾವೇ ಬದಲಾಯಿಸಿಕೊಳ್ಳುತ್ತಾರೆ.

ವಯಸ್ಸಾದವರ ಬಗ್ಗೆ ಒಂದು ಎಚ್ಚರಿಕೆ. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವ ವಸ್ತು. ಎಲುಬು ಚರ್ಮವಾದ ಅಜ್ಜಿಯಲ್ಲಿ ಸ್ನಾಯುವೇ ಇಲ್ಲ, ಹಾಗಾಗಿ ಮೂತ್ರಪಿಂಡ ಅರ್ಧ ಸೋತಿದ್ದರೂ ವರದಿಯಲ್ಲಿ ‘1.0’ ಎಂದು ಚೆಂದವಾಗಿ ಬರಬಹುದು. ಸಂಖ್ಯೆಯ ಜೊತೆ ಮನುಷ್ಯರನ್ನೂ ನೋಡಿ. ಮಕ್ಕಳಲ್ಲಿ ತೂಕ ಇಲ್ಲದೆ ಪ್ರಮಾಣ ಇಲ್ಲ. ಪ್ಯಾರಸಿಟಮಾಲ್ ಸಿರಪ್ 5 ಮಿ.ಲೀ.ಗೆ 125 ಮತ್ತು 250 ಮಿ.ಗ್ರಾಂ. ಎರಡೂ ಬರುತ್ತವೆ, ಶಿಶುಗಳ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100 ಇರುತ್ತದೆ. ತಾಯಂದಿರಿಗೆ ‘ಒಂದು ಚಮಚ’ ಎಂದು ಹೇಳಿ ಕಳುಹಿಸಬೇಡಿ, ಬಾಟಲಿ ನೋಡಿ ಅಳತೆಯ ಮುಚ್ಚಳದಲ್ಲಿ ಗೆರೆ ತೋರಿಸಿ.

ವೈದ್ಯರನ್ನು ಕೇಳಲು ಅಂಜಿಕೆ ಎಂದು ನೀವು ಬರೆದಿಲ್ಲ, ಆದರೆ ಏಳು ತಿಂಗಳ ಅನುಭವದಲ್ಲಿ ಅದು ಇರುತ್ತದೆ. ‘ಸರ್, ಇನ್ಸುಲಿನ್ ಕೊಡಲೇ?’ ಎಂದು ಕೇಳಿದರೆ ‘ಕೊಡಿ’ ಎಂಬ ಉತ್ತರ ಬರುತ್ತದೆ. ‘ಸರ್, ಹನ್ನೆರಡನೆಯ ಹಾಸಿಗೆಯವರು ಊಟ ಮಾಡಿಲ್ಲ, ಕ್ರಿಯಾಟಿನಿನ್ 2.8, ಈಗಿನ ಸಕ್ಕರೆ ಇಷ್ಟು, ಇನ್ಸುಲಿನ್ 10 ಯೂನಿಟ್ ಬರೆದಿದೆ, ತಡೆಹಿಡಿಯಲೇ ಅಥವಾ ಕಡಿಮೆ ಮಾಡುತ್ತೀರಾ?’ ಎಂದರೆ ಅವರೂ ಯೋಚಿಸುತ್ತಾರೆ. ಫೋನಿನಲ್ಲಿ ಹೇಳಿದ ಪ್ರಮಾಣವನ್ನು ಬರೆದುಕೊಂಡು ಓದಿ ಹೇಳಿ. ಫಿಫ್ಟೀನ್ ಮತ್ತು ಫಿಫ್ಟಿ ಕಿವಿಗೆ ಒಂದೇ, ‘ಒಂದು, ಐದು’ ಎಂದು ಅಂಕೆ ಬಿಡಿಸಿ. ಯೂನಿಟ್ ಎಂದು ಪೂರ್ತಿ ಬರೆಯಿರಿ, ಇಂಗ್ಲಿಷಿನ ಯು ಅಕ್ಷರ ಅವಸರದಲ್ಲಿ ಸೊನ್ನೆಯಾಗಿ 10 ಯೂನಿಟ್ 100 ಆಗುತ್ತದೆ. ಅರ್ಧ ಮಿ.ಗ್ರಾಂ. ಎಂದರೆ 0.5 ಎಂದು ಮುಂದೆ ಸೊನ್ನೆ ಇರಲಿ, ಐದಕ್ಕೆ 5.0 ಎಂದು ಹಿಂದೆ ಸೊನ್ನೆ ಬೇಡ.

ಎಷ್ಟು ಓದಬೇಕು ಎಂದು ಕೇಳಿದ್ದೀರಿ. ನಿಮ್ಮ ವಾರ್ಡಿನ ಟ್ರಾಲಿಯಲ್ಲಿ ದಿನವೂ ಕೈಗೆ ಬರುವ ಔಷಧಗಳನ್ನು ಎಣಿಸಿ, ಮೂವತ್ತು ದಾಟುವುದು ಅಪರೂಪ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಒಂದು ಪುಟ ಕೊಡಿ. ಬ್ರ್ಯಾಂಡ್ ಹೆಸರಿನ ಪಕ್ಕದಲ್ಲಿ ಮೂಲ ಹೆಸರು, ಏಕೆ ಕೊಡುತ್ತಾರೆ, ಗಡಿಯಾರ, ದಾರಿ, ಕೊಡುವ ಮುಂಚೆ ಏನು ನೋಡಬೇಕು, ಕೊಟ್ಟ ಮೇಲೆ ಎಷ್ಟು ಹೊತ್ತಿಗೆ ಏನು ನೋಡಬೇಕು, ಪ್ರತ್ಯೌಷಧ ಯಾವುದು, ಅದು ವಾರ್ಡಿನಲ್ಲಿ ಎಲ್ಲಿದೆ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ, ಮಾರ್ಫಿನ್‌ನಂಥವುಗಳಿಂದ ಶುರು ಮಾಡಿ, ಅವುಗಳ ತಪ್ಪಿಗೆ ಕ್ಷಮೆ ಕಡಿಮೆ. ಹೆಪಾರಿನ್ ವಯಲ್ ಮಿ.ಲೀ.ಗೆ 1,000 ಮತ್ತು 5,000 ಯೂನಿಟ್ ಎರಡೂ ಬರುತ್ತವೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಇಂಥವನ್ನು ಕೊಡುವಾಗ ಇನ್ನೊಬ್ಬ ಸಿಸ್ಟರ್ ಬೇರೆಯಾಗಿ ಲೆಕ್ಕ ಮಾಡಲಿ. ನಿಮ್ಮ ಲೆಕ್ಕವನ್ನು ತೋರಿಸಿ ‘ಸರಿಯಾ?’ ಎಂದು ಕೇಳಿದರೆ ಅದು ಎರಡನೆಯ ಪರಿಶೀಲನೆ ಆಗುವುದಿಲ್ಲ.

ಆ ರಾತ್ರಿಯ ಘಟನೆಯನ್ನು ವರದಿ ಮಾಡಿದ್ದೀರಾ? ಮಾಡದಿದ್ದರೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದ ಆಗುವ ಹಾನಿ ತಡೆಯಲು ಜಗತ್ತಿನಾದ್ಯಂತ ಅಭಿಯಾನ ಆರಂಭಿಸಿತು. ತಪ್ಪಿದ ಮತ್ತು ತಪ್ಪಲಿದ್ದ ಘಟನೆಗಳನ್ನು ಬರೆದಿಡದೆ ಅಂಥ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಔಷಧದ ಅಡ್ಡಪರಿಣಾಮ ಕಂಡರೆ ನರ್ಸ್‌ಗಳೂ ನೇರವಾಗಿ ಭಾರತದ ಫಾರ್ಮಾಕೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ತಿಳಿಸಬಹುದು, ಉಚಿತ ಸಹಾಯವಾಣಿ 1800-180-3024. ನಿಮ್ಮ ವರದಿಯಲ್ಲಿ ನಿಮ್ಮ ಹೆಸರಿಗಿಂತ ಮುಖ್ಯವಾದದ್ದು ಊಟದ ಟ್ರಾಲಿ ಮತ್ತು ಇನ್ಸುಲಿನ್ ಗಂಟೆ ಒಂದಕ್ಕೊಂದು ಗೊತ್ತಿಲ್ಲದಂತೆ ನಡೆಯುತ್ತಿವೆ ಎಂಬ ಸಂಗತಿ. ಅದು ಸರಿಯಾಗದಿದ್ದರೆ ಮುಂದಿನ ತಿಂಗಳು ಇನ್ನೊಬ್ಬ ಹುಡುಗಿಯ ಪಾಳಿಯಲ್ಲಿ ಹೀಗೆಯೇ ಆಗುತ್ತದೆ.

ಕೈ ನಡುಕ ಕೆಲವು ವಾರ ಇರಬಹುದು. ಮುಂದಿನ ರಾತ್ರಿ ಪಾಳಿಯಲ್ಲಿ ಇನ್ಸುಲಿನ್ ಇರುವ ರೋಗಿಗಳ ಪಟ್ಟಿ ಮಾಡಿ. ಅವರ ತಟ್ಟೆಗೆ ಊಟ ಬಂದದ್ದನ್ನು ಕಣ್ಣಾರೆ ನೋಡಿ, ಎಷ್ಟು ತಿನ್ನುವ ಮನಸ್ಸಿದೆ ಎಂದು ಕೇಳಿ, ಆಮೇಲೆ ಸಿರಿಂಜ್ ತುಂಬಿಸಿ. ಚಾರ್ಟಿನಲ್ಲಿ ಕೊಟ್ಟ ಸಮಯದ ಪಕ್ಕದಲ್ಲಿಯೇ ‘10ರಿಂದ 12, ನೋಡು’ ಎಂದು ಪೆನ್ಸಿಲಿನಲ್ಲಿ ಬರೆದಿಡಿ.